ಮನೆ ಖರ್ಚು ಒಟ್ಟಿಗೆ, ಕೈಖರ್ಚು ಬೇರೆ: ಗಂಡ-ಹೆಂಡತಿಗೆ ಮೂರು ಖಾತೆಯ ಲೆಕ್ಕ

ಇಬ್ಬರೂ ದುಡಿಯುವ ಮನೆಯಲ್ಲಿ ಖರ್ಚನ್ನು ಅರ್ಧರ್ಧ ಹಂಚಿದರೆ ಕಡಿಮೆ ಸಂಬಳದವರ ಕೈ ತಿಂಗಳ ಕೊನೆಗೆ ಬರಿದು. ಸಂಬಳದ ಅನುಪಾತದಲ್ಲಿ ಹಾಕಿ. ಒಬ್ಬರಿಗೆ 60,000, ಇನ್ನೊಬ್ಬರಿಗೆ 40,000 ಬರುತ್ತದೆ, ಬಾಡಿಗೆ, ದಿನಸಿ, ಹಾಲು, ಕರೆಂಟು, ಶಾಲೆ ಫೀಸು ಸೇರಿ 45,000 ಬೇಕು ಅಂದರೆ 27,000 ಮತ್ತು 18,000.

ಇಬ್ಬರ ಸ್ವಂತ ಖಾತೆಗಳ ಜೊತೆಗೆ ಇದಕ್ಕೊಂದು ಜಂಟಿ ಖಾತೆ ತೆರೆಯಿರಿ, ಒಟ್ಟು ಮೂರು. ಫಾರಂನಲ್ಲಿ ‘ಐದರ್ ಆರ್ ಸರ್ವೈವರ್’ ಗುರುತು ಮಾಡಿ, ಆಗ ಇಬ್ಬರಲ್ಲಿ ಯಾರೊಬ್ಬರ ಸಹಿಯಿದ್ದರೂ ಸಾಕು. ‘ಜಾಯಿಂಟ್ಲಿ’ ಅಂತಾದರೆ ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಬೇಕು. ಸಂಬಳ ಬಂದ ಮರುದಿನವೇ ಹಣ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಇಎಂಐ ದಿನಾಂಕ ಅದಕ್ಕಿಂತ ಮುಂಚೆ ಇದ್ದರೆ ಬೌನ್ಸ್ ಆಗಿ ದಂಡ ಬೀಳುತ್ತದೆ, ತಾರೀಖು ನೋಡಿಕೊಳ್ಳಿ.

ಜಗಳ ಹುಟ್ಟುವುದು ಹೆಚ್ಚಾಗಿ ಕೈಖರ್ಚಿನಲ್ಲೇ. ಸಂಬಳ ಎಷ್ಟೇ ಇರಲಿ, ಅದು ಇಬ್ಬರಿಗೂ ಸಮ ಇರಬೇಕು: ತಲಾ 5,000 ಅಂದರೆ ತಲಾ 5,000, ಮನೆ ನೋಡಿಕೊಳ್ಳುವವರಿಗೂ ಅಷ್ಟೇ. ಸೀರೆಯೋ, ಕ್ರಿಕೆಟ್ ಬ್ಯಾಟೋ, ಲೆಕ್ಕ ಕೇಳುವ ಹಾಗಿಲ್ಲ. (ಮುಖ ಸಿಂಡರಿಸುವುದೂ ಲೆಕ್ಕ ಕೇಳಿದಂತೆಯೇ!) ಉಳಿದದ್ದು ಅವರವರ ಹೆಸರಿನ ಉಳಿತಾಯಕ್ಕೆ. ಔಷಧಿ, ಬಸ್ ಪಾಸು ಮಾತ್ರ ಕೈಖರ್ಚಿಗೆ ಸೇರಿಸಬೇಡಿ, ಅವು ಮನೆ ಖರ್ಚು. ಅಪ್ಪ-ಅಮ್ಮನಿಗೆ ಕಳಿಸುವ ಹಣಕ್ಕೆ, ಮುಯ್ಯಿಗೆ ಬೇರೆ ಮೊತ್ತ ಎತ್ತಿಡಿ. ಇಲ್ಲದಿದ್ದರೆ ಮದುವೆ ಸೀಸನ್ನಿನಲ್ಲಿ ಕೈಖರ್ಚನ್ನೆಲ್ಲ ಅದೇ ನುಂಗುತ್ತದೆ.