ಟಿಶ್ಯೂ ರೋಲಿನ ಕೊಳವೆಯಿಂದ ಅಂಬಾರಿ ಆನೆ

ದಸರಾಕ್ಕೆ ಗೊಂಬೆ ಕೂರಿಸುವವರು ಟಿಶ್ಯೂ ರೋಲು, ಫಾಯಿಲ್ ರೋಲು ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಗಳನ್ನು ಈಗಿನಿಂದಲೇ ಎತ್ತಿಡಿ. ಪಟ್ಟದ ಗೊಂಬೆ ಮರದ್ದೇ ಇರಲಿ, ಅದರ ಮಾತು ಬೇರೆ. ಆದರೆ ಕೆಳಗೆ ನೆಲದ ಮೇಲೆ ಜೋಡಿಸುವ ಜಂಬೂಸವಾರಿಗೆ ಪ್ಲಾಸ್ಟಿಕ್ ಆನೆ ಯಾಕೆ?

ಅಂಟಿಗೆ ಮೈದಾ ಸಾಕು. ಎರಡು ದೊಡ್ಡ ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಗಂಜಿಯ ಹಾಗೆ ಮಂದವಾದಾಗ ಇಳಿಸಿ. ಬೇಕಾದಷ್ಟೇ ಮಾಡಿಕೊಳ್ಳಿ, ಇಟ್ಟರೆ ಹುಳಿ ಬರುತ್ತದೆ.

ಟಿಶ್ಯೂ ರೋಲಿನ ಕೊಳವೆ ಆನೆಯ ಮೈ. ಅದು ಸಣಕಲು, ಹಾಗಾಗಿ ಒಳಗೂ ಹೊರಗೂ ನ್ಯೂಸ್‌ಪೇಪರ್ ತುಂಬಿ, ಸುತ್ತಿ, ಸುಮಾರು 6 ಸೆಂ.ಮೀ. ದಪ್ಪದ ಹೊಟ್ಟೆ ಬರಿಸಿ.

ಈಗ ಕಾಲು. ನಿಜವಾದ ಕೆಲಸ ಇಲ್ಲೇ ಇರುವುದು, ಕಾಲು ಸರಿ ಇಲ್ಲದಿದ್ದರೆ ಎಷ್ಟು ಚೆಂದ ಬಣ್ಣ ಹಚ್ಚಿದರೂ ಆನೆ ನಿಲ್ಲುವುದಿಲ್ಲ. ಫಾಯಿಲ್ ರೋಲಿನ ಕೊಳವೆಯಿಂದ 5 ಸೆಂ.ಮೀ. ಉದ್ದದ 4 ತುಂಡು ಮಾಡಿ. ಕತ್ತರಿ ಹಾಕಿದರೆ ಕೊಳವೆ ಚಪ್ಪಟೆಯಾಗುತ್ತದೆ, ಹಲ್ಲಿರುವ ಬ್ರೆಡ್ ಚಾಕುವಿನಿಂದ ತಿರುಗಿಸುತ್ತಾ ಕೊಯ್ಯಿರಿ (ಇದು ದೊಡ್ಡವರ ಕೆಲಸ). ಪ್ರತಿ ತುಂಡಿನ ಮೇಲಂಚನ್ನು ಹೊಟ್ಟೆ ಕೂರುವ ಹಾಗೆ ಬಾಗಿಸಿ ಕತ್ತರಿಸಿ, ಒಳಗೆ ಎರಡು ಮೂರು ಬೆಣಚುಕಲ್ಲು ಹಾಕಿ ಪೇಪರ್ ತುರುಕಿ. ಅಂಬಾರಿ ಏರಿಸಿದ ಮೇಲೆ ಮೇಲಿನ ಭಾರಕ್ಕೆ ಆನೆ ವಾಲಬಾರದಲ್ವಾ, ಅದಕ್ಕೆ ಕಲ್ಲು. ಅಂಟಿಸುವ ಮುಂಚೆ ನೆಲದ ಮೇಲೆ ನಿಲ್ಲಿಸಿ ನೋಡಿ.

ತಲೆಗೆ ಪೇಪರ್ ಉಂಡೆ, ಸೊಂಡಿಲಿಗೆ ಹೊಸೆದ ಪೇಪರ್, ಕಿವಿಗೆ ತೆಳು ರಟ್ಟು. ಎಲ್ಲ ಸೇರಿಸಿ ಮೇಲೆ ಪೇಪರ್ ಪಟ್ಟಿ ಹಚ್ಚುತ್ತಾ ಬನ್ನಿ. ನ್ಯೂಸ್‌ಪೇಪರ್ ಒಂದು ಕಡೆಗೆ ಹರಿದರೆ ನೇರ ಪಟ್ಟಿ ಬರುತ್ತದೆ, ಇನ್ನೊಂದು ಕಡೆಗೆ ಹರಿದರೆ ಸೊಟ್ಟ ಹೋಗುತ್ತದೆ, ಮೊದಲೇ ನೋಡಿಕೊಳ್ಳಿ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಬೇಡ, ಒದ್ದೆ ಜಾಸ್ತಿಯಾದರೆ ಕಾಲಿನ ರಟ್ಟು ಮೆತ್ತಗಾಗಿ ಕುಸಿಯುತ್ತದೆ. ಕೊನೆಯ ಪದರ ಬಿಳಿ ಹಾಳೆಯದ್ದಾಗಿರಲಿ, ಇಲ್ಲದಿದ್ದರೆ ಬಣ್ಣದಡಿ ಅಕ್ಷರ ಇಣುಕುತ್ತವೆ.

ಅಂಬಾರಿಗೆ ಹಳೆಯ ಲಗ್ನಪತ್ರಿಕೆಗಿಂತ ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಎಷ್ಟು ಚಿನ್ನದ ಬಣ್ಣ, ಎಷ್ಟು ಬಳ್ಳಿ! ಬೆಂಕಿಪೊಟ್ಟಣಕ್ಕೆ ಅದನ್ನು ಹೊದಿಸಿ, ನಾಲ್ಕು ಮೂಲೆಗೆ ಪೊರಕೆಕಡ್ಡಿಯ ಕಂಬ ನಿಲ್ಲಿಸಿ, ಮೇಲೆ ಗೋಪುರ ಕೂರಿಸಿ. ಮೈಸೂರಿನ ಅಂಬಾರಿ 750 ಕಿಲೋ, ಅದರಲ್ಲಿ ಕೂರುವವಳು ಚಾಮುಂಡೇಶ್ವರಿ. ನಿಮ್ಮದರಲ್ಲೂ ಅಮ್ಮನ ಪುಟ್ಟ ಚಿತ್ರ ಇಡಿ.

ಒಂದೇ ಆನೆಗೆ ನಿಲ್ಲಿಸಬೇಡಿ. ಅಂಬಾರಿ ಆನೆಯ ಎರಡೂ ಪಕ್ಕದಲ್ಲಿ ಕುಮ್ಕಿ ಆನೆಗಳು ನಡೆಯುತ್ತವೆ, ಅವಿಲ್ಲದೆ ಮೆರವಣಿಗೆ ಬೋಳು ಬೋಳಾಗಿ ಕಾಣುತ್ತದೆ. ಅವು ಹೆಣ್ಣಾನೆಗಳು, ದಂತ ಅಂಟಿಸಬೇಡಿ. ಮಿಕ್ಕ ಕೊಳವೆ ತುಂಡುಗಳಿಗೆ ಪೇಟ ಸುತ್ತಿ, ಮೀಸೆ ಬರೆದು, ಮುಂದೆ ಸಾಲಾಗಿ ಸಿಪಾಯಿಗಳನ್ನು ನಿಲ್ಲಿಸಿ. ಮೀಸೆ ಬರೆಯುವ ಕೆಲಸ ಮಕ್ಕಳಿಗೇ ಬಿಡಿ.