ಟಿ ಕೋಶ ಮುಟ್ಟಬೇಕು, ಆದರೆ ಎಲ್ಲರನ್ನೂ ಅಲ್ಲ

ಲಿಸ್ಟೀರಿಯಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಜತೆ ಕೆಲಸ ಮಾಡುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ರೋಗಾಣು ನುಂಗುವ ರಕ್ಷಣಾ ಕೋಶವಾದ ಮ್ಯಾಕ್ರೋಫೇಜ್ ಇದನ್ನು ಸಲೀಸಾಗಿ ನುಂಗುತ್ತದೆ, ಆದರೆ ಪೂರ್ತಿ ಕೊಲ್ಲಲು ಅದೊಂದರಿಂದಲೇ ಆಗುವುದಿಲ್ಲ. ನುಂಗಿದ ಚೀಲದ ಗೋಡೆಯನ್ನು ಲಿಸ್ಟೀರಿಯೊಲೈಸಿನ್ ಎಂಬ ಪ್ರೋಟೀನಿನಿಂದ ಕೊರೆದು ಬ್ಯಾಕ್ಟೀರಿಯಾ ಆಚೆ ಬರುತ್ತದೆ, ಕೋಶದ ಒಳಗೇ ಬೆಳೆಯುತ್ತದೆ. ಅಲ್ಲಿಗೆ ರಕ್ತದ ಆಂಟಿಬಾಡಿ ತಲುಪುವುದಿಲ್ಲ. 1962ರಲ್ಲಿ ಜಾರ್ಜ್ ಮೆಕಾನೆಸ್ ಇಲಿಗಳಲ್ಲಿ ಇದನ್ನು ತೋರಿಸಿದರು. ಗುಣವಾದ ಇಲಿಯ ಸೀರಮ್ (ಆಂಟಿಬಾಡಿ ಇರುವ ರಕ್ತದ ದ್ರವ) ಬೇರೆ ಇಲಿಯನ್ನು ಕಾಪಾಡಲಿಲ್ಲ. ಬದಲಾಗಿದ್ದು ಮ್ಯಾಕ್ರೋಫೇಜ್‌ಗಳೇ.

ಅವನ್ನು ಬದಲಾಯಿಸುವುದು ಮುಖ್ಯವಾಗಿ ಟಿ ಕೋಶ (ರೋಗಾಣುವನ್ನು ಗುರುತು ಹಿಡಿಯುವ ಬಿಳಿ ರಕ್ತಕಣ) ಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಪ್ರೋಟೀನು. 1983ರಿಂದ ಇದು ಗೊತ್ತಿರುವ ಸಂಗತಿ. ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ. ಈ ಹೊಂದಾಣಿಕೆಯಲ್ಲಿ ಯಾವ ಹಂತಕ್ಕೆ ಕೋಶಗಳು ಒಂದನ್ನೊಂದು ಮುಟ್ಟಲೇಬೇಕು, ಯಾವುದಕ್ಕೆ ಬೇಡ?

ಇದಕ್ಕೆ ಟ್ರಾನ್ಸ್‌ವೆಲ್ ಬಳಸಿದೆ. ಕೋಶ ಬೆಳೆಸುವ ತಟ್ಟೆಯ ಒಂದೊಂದು ಗುಳಿಗೆ ಬಾವಿ ಅನ್ನುತ್ತೇವೆ. ಒಂದೇ ಬಾವಿಯಲ್ಲಿ ಮೇಲೊಂದು ಅಂತಸ್ತು, ಕೆಳಗೊಂದು ಅಂತಸ್ತು, ನಡುವೆ 0.4 ಮೈಕ್ರಾನ್ ತೂತುಗಳ ತೆಳು ಪೊರೆ. ಕೋಶ ದಾಟುವುದಿಲ್ಲ, ಪ್ರೋಟೀನು ದಾಟುತ್ತದೆ. ಕೆಳಗೆ ಇಲಿಯ ಮೂಳೆಮಜ್ಜೆಯಿಂದ ಬೆಳೆಸಿದ ಮ್ಯಾಕ್ರೋಫೇಜ್‌ಗಳು. ಮೇಲೆ, ಮೊದಲೇ ಲಿಸ್ಟೀರಿಯಾ ಕಂಡಿದ್ದ ಇಲಿಯ ಟಿ ಕೋಶಗಳು. ಕೆಲವು ಬಾವಿಗಳಲ್ಲಿ ಮೇಲೆ ಟಿ ಕೋಶ ಮಾತ್ರ. ಕೆಲವದರಲ್ಲಿ ಅವುಗಳ ಜತೆ, ಬಿಸಿ ಮಾಡಿ ಕೊಂದ ಲಿಸ್ಟೀರಿಯಾ ತಿನ್ನಿಸಿದ ಒಂದಷ್ಟು ಮ್ಯಾಕ್ರೋಫೇಜ್‌ಗಳೂ ಇದ್ದವು. ಇನ್ನು ಕೆಲವದರಲ್ಲಿ ಹಾಗೆ ತಿನ್ನಿಸಿದ ಮ್ಯಾಕ್ರೋಫೇಜ್ ಮಾತ್ರ, ಟಿ ಕೋಶ ಇಲ್ಲ. ಈ ಕೊನೆಯ ಗುಂಪು ಬೇಕೇ ಬೇಕು. ಮ್ಯಾಕ್ರೋಫೇಜ್ ತಾನೇ ಬಿಡುವ ಟಿಎನ್‌ಎಫ್ ಎಂಬ ಇನ್ನೊಂದು ಸಂದೇಶ ಪ್ರೋಟೀನು ಕೂಡ ಪೊರೆ ದಾಟಿ ಕೆಳಗೆ ಬರುತ್ತದಲ್ವಾ?

ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ಅಂತಸ್ತು ತೆಗೆದು, ಕೆಳಗಿನ ಕೋಶಗಳಿಗೆ ಜೀವಂತ ಲಿಸ್ಟೀರಿಯಾ ಹಾಕಿದೆ. ಅರ್ಧ ಗಂಟೆ ಆದ ಮೇಲೆ ತೊಳೆದು ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟೆ. ಈ ಔಷಧ ಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ, ಹಾಗಾಗಿ ಹೊರಗೆ ಉಳಿದ ಬ್ಯಾಕ್ಟೀರಿಯಾ ಮಾತ್ರ ಸಾಯುತ್ತವೆ. ಇಲ್ಲಿ ಕೈ ಬಿಗಿ ಹಿಡಿಯಬೇಕು. ಪ್ರಮಾಣ ಜಾಸ್ತಿಯಾದರೆ, ಗಂಟೆಗಟ್ಟಲೆ ಇಟ್ಟರೆ, ಮ್ಯಾಕ್ರೋಫೇಜ್ ಅದನ್ನೂ ನಿಧಾನವಾಗಿ ಹೀರಿಕೊಳ್ಳುತ್ತದೆ. ಆಗ ಕೊಂದದ್ದು ಕೋಶವೋ ಔಷಧವೋ ಹೇಳಲಾಗದು. ಕೋಶ ಬೆಳೆಸುವ ದ್ರವದಲ್ಲಿ ಸಾಮಾನ್ಯವಾಗಿ ಹಾಕುವ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನನ್ನೂ ಸೋಂಕಿಗೆ ಮುಂಚೆಯೇ ತೆಗೆದಿರಬೇಕು.

ಆಮೇಲೆ ಶುದ್ಧ ನೀರು ಹಾಕಿ ಮ್ಯಾಕ್ರೋಫೇಜ್‌ಗಳನ್ನು ಒಡೆದು, ಹತ್ತರಷ್ಟು ಹತ್ತರಷ್ಟು ತೆಳು ಮಾಡುತ್ತಾ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಹರಡಿದೆ. ಮಾರನೇ ದಿನ ಕಾಲೊನಿ, ಅಂದರೆ ಬದುಕಿದ್ದ ಬ್ಯಾಕ್ಟೀರಿಯಾ ಬೆಳೆದು ಆದ ಚುಕ್ಕೆಗಳ ಎಣಿಕೆ. ಎರಡು ಹೊತ್ತಿನಲ್ಲಿ ಎಣಿಸುವುದು ಮುಖ್ಯ: ಸೋಂಕಾದ ಕೂಡಲೇ ಒಮ್ಮೆ, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ. ಮೊದಲನೆಯದಿಲ್ಲದಿದ್ದರೆ ಬ್ಯಾಕ್ಟೀರಿಯಾ ಒಳಗೆ ಹೋದದ್ದೇ ಕಡಿಮೆಯೋ, ಹೋಗಿ ಸತ್ತವೋ ಗೊತ್ತಾಗುವುದಿಲ್ಲ.

ಮೇಲೆ ಟಿ ಕೋಶ ಮಾತ್ರ ಇದ್ದಲ್ಲಿ ಲಿಸ್ಟೀರಿಯಾ ಚೆನ್ನಾಗಿ ಬೆಳೆದಿತ್ತು. ತಿನ್ನಿಸಿದ ಮ್ಯಾಕ್ರೋಫೇಜ್‌ಗಳು ಟಿ ಕೋಶದ ಜತೆ ಇದ್ದಲ್ಲಿ ಕಾಲೊನಿಗಳು ಎದ್ದು ಕಾಣುವಷ್ಟು ಕಡಿಮೆ. ತಿನ್ನಿಸಿದ ಮ್ಯಾಕ್ರೋಫೇಜ್ ಮಾತ್ರ ಇದ್ದಲ್ಲಿ ಇಳಿಕೆ ಅಲ್ಪ. ಇಂಟರ್‌ಫೆರಾನ್ ಗಾಮಾವನ್ನು ಕಟ್ಟಿಹಾಕುವ ಆಂಟಿಬಾಡಿ ಹಾಕಿದಾಗ ಬಹುಪಾಲು ರಕ್ಷಣೆ ಹೋಯಿತು. ಅಂದರೆ ಗುರುತು ಹಿಡಿಯಲು ಟಿ ಕೋಶ ಯಾವುದಾದರೂ ಒಂದು ಕೋಶವನ್ನು ಮುಟ್ಟಬೇಕು, ಅದು ಎತ್ತಿ ತೋರಿಸುವ ಬ್ಯಾಕ್ಟೀರಿಯಾದ ತುಣುಕನ್ನು ನೋಡಬೇಕು. ಒಮ್ಮೆ ಎಚ್ಚೆತ್ತರೆ, ಮುಟ್ಟದೇ ಇರುವ ಕೋಶಗಳೂ ಸಜ್ಜಾಗುತ್ತವೆ. ನನಗೆ ಈ ಫಲಿತಾಂಶ ತುಂಬಾ ಇಷ್ಟ, ಯಾಕೆಂದರೆ ಅಂಗಾಂಶದಲ್ಲಿ ಟಿ ಕೋಶಗಳ ಸಂಖ್ಯೆ ಮೊದಮೊದಲು ತೀರಾ ಕಡಿಮೆ. ಸೋಂಕಿನ ಮೊದಲ ದಿನಗಳಲ್ಲಂತೂ ಎನ್‌ಕೆ ಕೋಶಗಳು ಎಂಬ ಬೇರೆ ಬಿಳಿ ರಕ್ತಕಣಗಳು ಐಎಲ್-12, ಐಎಲ್-18 ಎಂಬ ಪ್ರೋಟೀನುಗಳ ಸಂದೇಶದ ಮೇಲೆಯೇ ಇಂಟರ್‌ಫೆರಾನ್ ಬಿಡುತ್ತವೆ, ತುಣುಕು ನೋಡುವ ತನಕ ಕಾಯುವುದಿಲ್ಲ.

ಮನುಷ್ಯರಲ್ಲೂ ಈ ಸರಪಳಿ ಎಷ್ಟು ಮುಖ್ಯ ಅಂತ 1996ರಲ್ಲಿ ಗೊತ್ತಾಯಿತು. ಇಂಟರ್‌ಫೆರಾನ್ ಗಾಮಾದ ರಿಸೆಪ್ಟರ್ (ಅದರ ಸಂದೇಶ ಹಿಡಿಯುವ ಪ್ರೋಟೀನು) ಹುಟ್ಟಿನಿಂದಲೇ ಕೆಟ್ಟಿದ್ದ ಮಕ್ಕಳಿಗೆ ಕ್ಷಯದ ಬಿಸಿಜಿ ಲಸಿಕೆಯ ದುರ್ಬಲ ಬ್ಯಾಕ್ಟೀರಿಯಾ ಕೂಡ ಮಾರಕವಾಗಿತ್ತು.

ಮತ್ತೆ ನನ್ನ ಬಾವಿಗಳಿಗೆ ಬಂದರೆ, ಇಂಟರ್‌ಫೆರಾನನ್ನು ಸೋಂಕಿನ ನಂತರ ಕೊಟ್ಟಾಗ ಇಷ್ಟು ಫಲ ಸಿಗಲಿಲ್ಲ. ಸಜ್ಜಾದ ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಾವನ್ನು ಚೀಲದೊಳಗೇ ತಡೆಹಿಡಿದು ಕೊಲ್ಲುತ್ತದೆ. ಆಗಲೇ ಆಚೆ ಬಂದ ಲಿಸ್ಟೀರಿಯಾ ಕೋಶದ್ದೇ ಪ್ರೋಟೀನಾದ ಆಕ್ಟಿನ್‌ನಿಂದ ಬಾಲ ಕಟ್ಟಿಕೊಂಡು ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಅಲ್ಲಿ ಸಿಡಿ8 ಎಂಬ ಕೊಲ್ಲುವ ಬಗೆಯ ಟಿ ಕೋಶ ಬರಬೇಕು, ಸೋಂಕಾದ ಕೋಶವನ್ನೇ ಮುಟ್ಟಿ ಕೊಲ್ಲಬೇಕು. ಆ ಕೆಲಸವನ್ನು ಪೊರೆಯ ಆಚೆ ಕೂತು ಮಾಡಲಾಗದು.