ಎದುರುಬದುರು ಎರಡು ಪಾರ್ಕ್, ಕೈಯಲ್ಲಿ ಒಂದೇ ದಿನ: ಆನಹೈಮ್‌ನಲ್ಲಿ ನಾನು ಆರಿಸಿದ ಬಗೆ

ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ಮತ್ತು 2001ರಲ್ಲಿ ಅದರ ಮಗ್ಗುಲಿಗೆ ಬಂದ ಕ್ಯಾಲಿಫೋರ್ನಿಯಾ ಅಡ್ವೆಂಚರ್, ಈ ಎರಡರ ಬಾಗಿಲುಗಳೂ ಒಂದೇ ಅಂಗಳದ ಎರಡು ಬದಿಗಳಲ್ಲಿ ಎದುರುಬದುರಾಗಿವೆ. ಒಂದು ದಿನದ ಟಿಕೆಟ್‌ಗೆ ಎರಡರಲ್ಲೂ ಬೆಲೆ ಒಂದೇ. ಹಾಗಾಗಿ ಒಂದೇ ದಿನ ಕೈಯಲ್ಲಿರುವ ಕುಟುಂಬಕ್ಕೆ ಬೆಲೆಯಿಂದ ಯಾವ ಸುಳಿವೂ ಸಿಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಆರು ಗಂಟೆ ಕಾರು ಓಡಿಸಿಕೊಂಡು ಹೋಗುವ ನಮ್ಮಂಥವರ ಮನೆಗಳಲ್ಲಿ, ಊರಿನಿಂದ ಹಿರಿಯರು ಬಂದಾಗಲೆಲ್ಲ ಎರಡರಲ್ಲಿ ಯಾವುದಕ್ಕೆ ಹೋಗುವುದು ಎಂಬ ಚರ್ಚೆ ನಡೆಯುತ್ತದೆ. ನಾನು ಇದಕ್ಕೊಂದು ಲೆಕ್ಕದ ದಾರಿ ಹುಡುಕಿದಾಗ ನಂಬಿದವರು ಕಡಿಮೆ. ಈಗ ಅದೇ ಲೆಕ್ಕದ ಹಾಳೆಯನ್ನು ಕೇಳಿ ಪಡೆಯುವವರು ಹೆಚ್ಚಾಗಿರುವುದರಿಂದ ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ಟಿಕೆಟ್ ಕೊಳ್ಳುವುದು, ಆ್ಯಪ್ ಬಳಸುವುದು, ಕಾರು ನಿಲ್ಲಿಸುವುದು ಇವೆಲ್ಲ ಓದುಗರಿಗೆ ತಿಳಿದಿವೆ ಎಂದುಕೊಂಡಿದ್ದೇನೆ.

ಮೊದಲು ಫಲಿಸದೆ ಹೋದ ದಾರಿಗಳನ್ನು ಹೇಳಬೇಕು, ಏಕೆಂದರೆ ಹೆಚ್ಚಿನವರು ಇಂದಿಗೂ ಅವುಗಳಲ್ಲೇ ಹಣ ಕಳೆಯುತ್ತಿದ್ದಾರೆ. ನಕ್ಷೆ ಹರಡಿಕೊಂಡು ಎಲ್ಲಿ ಹೆಚ್ಚು ರೈಡ್‌ಗಳಿವೆ ಎಂದು ಎಣಿಸುವುದು ಅವುಗಳಲ್ಲಿ ಒಂದು. ಹಾಗೆ ಎಣಿಸಿದರೆ ಡಿಸ್ನಿಲ್ಯಾಂಡ್ ಯಾವಾಗಲೂ ಗೆಲ್ಲುತ್ತದೆ. ಕುಟುಂಬ ಯಾವುದೇ ಇರಲಿ ಉತ್ತರ ಬದಲಾಗದಿದ್ದರೆ, ಆ ಎಣಿಕೆ ಕುಟುಂಬದ ಬಗ್ಗೆ ಏನನ್ನೂ ಕೇಳಿಲ್ಲವೆಂದೇ ಅರ್ಥ. ಮನೆಯಲ್ಲಿ ಮತ ಹಾಕಿಸುವುದು ಇನ್ನೊಂದು. ನಮ್ಮಲ್ಲಿ ಮಗನಿಗೆ ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನ ಇನ್‌ಕ್ರೆಡಿಕೋಸ್ಟರ್ ಎಂಬ ರೋಲರ್‌ಕೋಸ್ಟರ್ ಬೇಕಿತ್ತು, ಮಗಳಿಗೆ ಡಿಸ್ನಿಲ್ಯಾಂಡ್‌ನ ರಾಜಕುಮಾರಿಯರ ಕೋಟೆ ಬೇಕಿತ್ತು, ಅತ್ತೆ ಮಾವ ಇಬ್ಬರೂ "ಮಕ್ಕಳಿಗೆ ಯಾವುದು ಇಷ್ಟವೋ ಅದೇ ಆಗಲಿ" ಎಂದುಬಿಟ್ಟರು. ಹಿರಿಯರ ಮೊಣಕಾಲು ನೋವು ಯಾವ ಮತದಲ್ಲೂ ದಾಖಲಾಗಲಿಲ್ಲ.

ಎಲ್ಲಕ್ಕಿಂತ ದುಬಾರಿಯಾದದ್ದು ಎರಡೂ ಪಾರ್ಕ್‌ಗಳಿಗೆ ಹೋಗಬಹುದಾದ ಪಾರ್ಕ್ ಹಾಪರ್ ಟಿಕೆಟ್. ಹಿಂದೊಮ್ಮೆ ಬಂಧುಗಳ ಜೊತೆ ಹೋದಾಗ ಎಲ್ಲರ ಒತ್ತಾಯಕ್ಕೆ ಅದನ್ನೇ ಕೊಂಡಿದ್ದೆವು. ತಲೆಗೆ 60ರಿಂದ 65 ಡಾಲರ್ ಹೆಚ್ಚು, ಅಂದರೆ ಆರು ಜನರಿಗೆ ಹತ್ತಿರ ಹತ್ತಿರ 380 ಡಾಲರ್. ಬಾಗಿಲಿನಿಂದ ಬಾಗಿಲಿಗೆ ಕೆಲವೇ ನಿಮಿಷಗಳ ನಡಿಗೆ ಎಂಬುದು ನಿಜ. ಆದರೆ ಯಾರೂ ಬಾಗಿಲಿನಲ್ಲೇ ನಿಂತಿರುವುದಿಲ್ಲ. ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನ ಕಾರ್ಸ್ ಲ್ಯಾಂಡ್ ಎಂಬ ಭಾಗದ ಒಳಮೂಲೆಯಿಂದ ಜನಜಂಗುಳಿ ದಾಟಿ ಹೊರಬಂದು, ಎದುರಿನ ಡಿಸ್ನಿಲ್ಯಾಂಡ್ ಬಾಗಿಲಿನಲ್ಲಿ ಟಿಕೆಟ್ ತೋರಿಸಿ, ಮೇನ್ ಸ್ಟ್ರೀಟ್ ಉದ್ದಕ್ಕೂ ನಡೆದು ಕೋಟೆಯ ಹಿಂದಿನ ಫ್ಯಾಂಟಸಿಲ್ಯಾಂಡ್ ಸೇರುವಷ್ಟರಲ್ಲಿ, ತಳ್ಳುಗಾಡಿ, ಶೌಚಾಲಯ, ನೀರು ಎಲ್ಲ ಸೇರಿ ಒಂದು ಗಂಟೆ ಕರಗಿತ್ತು. ಹೆಚ್ಚು ಕೊಟ್ಟ ಹಣಕ್ಕೆ ನಮಗೆ ದಕ್ಕಿದ್ದು ಎರಡು ಪುಟ್ಟ ರೈಡ್‌ಗಳು ಮತ್ತು ನಿಂತುಕೊಂಡೇ ನೋಡಿದ ಒಂದು ಮೆರವಣಿಗೆ.

ಅಲ್ಲಿಂದ ನಾನು ಪ್ರಶ್ನೆಯನ್ನೇ ಬದಲಾಯಿಸಿದೆ. ಯಾವ ಪಾರ್ಕ್ ಚೆನ್ನಾಗಿದೆ ಎಂದು ಕೇಳುವ ಬದಲು, ನಮ್ಮ ಮನೆಯವರೆಲ್ಲರೂ ಒಟ್ಟಿಗೆ ಕೂತು ಸುಖಪಡುವ ನಿಮಿಷಗಳು ಯಾವ ಪಾರ್ಕ್‌ನಲ್ಲಿ ಹೆಚ್ಚು ಎಂದು ಕೇಳತೊಡಗಿದೆ. ಇದಕ್ಕೆ ಬೇಕಾದದ್ದು ಮೂರೇ ಅಂಕಿಗಳು: ಒಂದು ರೈಡ್‌ನಲ್ಲಿ ನಮ್ಮವರು ಎಷ್ಟು ಜನ ಕೂರಬಲ್ಲರು, ಅದು ಎಷ್ಟು ನಿಮಿಷ ನಡೆಯುತ್ತದೆ, ಅದಕ್ಕಾಗಿ ಎಷ್ಟು ನಿಮಿಷ ಸಾಲಿನಲ್ಲಿ ಕಾಯಬೇಕು. ಜನರನ್ನು ನಿಮಿಷಗಳಿಂದ ಗುಣಿಸಿ, ಕಾಯುವ ಸಮಯದಿಂದ ಭಾಗಿಸುವುದು. ಎಕ್ಸೆಲ್‌ನಲ್ಲಿ ಪ್ರತಿ ಪಾರ್ಕ್‌ಗೂ ಒಂದೊಂದು ಹಾಳೆ ಮಾಡಿದೆ.

ಆಗ ನಮ್ಮ ಕುಟುಂಬದಲ್ಲಿದ್ದವರು ಆರು ಜನ: ನಾನು, ನನ್ನ ಪತಿ, ಒಂಬತ್ತರ ಮಗ, ಇನ್ನೂ 40 ಇಂಚು ಎತ್ತರ ಮುಟ್ಟದ ಮಗಳು, ಎಪ್ಪತ್ತರ ಆಸುಪಾಸಿನ ಅತ್ತೆ ಮಾವ. ಹಲವು ರೈಡ್‌ಗಳಿಗೆ ಕನಿಷ್ಠ ಎತ್ತರದ ಗೆರೆಯಿರುವುದರಿಂದ, ಈ 40 ಇಂಚೇ ಇಡೀ ಲೆಕ್ಕದ ಕೀಲಿ. ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನ ಹೆಸರುವಾಸಿ ರೈಡ್‌ಗಳಾದ ರೇಡಿಯೇಟರ್ ಸ್ಪ್ರಿಂಗ್ಸ್ ರೇಸರ್ಸ್, ಸೋರಿಂಗ್, ಗಾರ್ಡಿಯನ್ಸ್ ಮೂರಕ್ಕೂ 40 ಇಂಚು ಬೇಕು. ನೀರಿನ ಗ್ರಿಜ್ಲಿ ರಿವರ್ ರನ್‌ಗೆ 42, ಇನ್‌ಕ್ರೆಡಿಕೋಸ್ಟರ್‌ಗೆ 48. ಡಿಸ್ನಿಲ್ಯಾಂಡ್‌ನಲ್ಲೂ ಸ್ಪೇಸ್ ಮೌಂಟನ್, ಬಿಗ್ ಥಂಡರ್, ಸ್ಟಾರ್ ಟೂರ್ಸ್‌ಗೆ 40, ಮ್ಯಾಟರ್‌ಹಾರ್ನ್‌ಗೆ 42, ಇಂಡಿಯಾನಾ ಜೋನ್ಸ್‌ಗೆ 46 ಇಂಚಿನ ಗೆರೆ ಇದೆ. ಆದರೆ ಇವನ್ನೆಲ್ಲ ಹೊಡೆದುಹಾಕಿದ ಮೇಲೂ ಅಲ್ಲಿ ಎತ್ತರದ ನಿರ್ಬಂಧವಿಲ್ಲದ ರೈಡ್‌ಗಳು ದಂಡಿಯಾಗಿ ಉಳಿಯುತ್ತವೆ, ಮತ್ತು ಅವುಗಳಲ್ಲಿ ಹಳೆಯವು ಬಹಳ ದೀರ್ಘವಾದವು. ಪೈರೇಟ್ಸ್ ಆಫ್ ದಿ ಕೆರಿಬಿಯನ್ ದೋಣಿಯಲ್ಲಿ ಸುಮಾರು 15 ನಿಮಿಷ ಕೂರಬಹುದು. ಇಟ್ಸ್ ಎ ಸ್ಮಾಲ್ ವರ್ಲ್ಡ್ ಕೂಡ ಹೆಚ್ಚುಕಡಿಮೆ ಅಷ್ಟೇ. ಮಾರ್ಕ್ ಟ್ವೇನ್ ಹಡಗು, ಪಾರ್ಕ್ ಸುತ್ತುವ ರೈಲು, ಜಂಗಲ್ ಕ್ರೂಸ್ ಇವೆಲ್ಲ ಕೂತು ನೋಡುವಂಥವು. ದೋಣಿಗಳು ಒಂದರ ಹಿಂದೆ ಒಂದು ಬರುತ್ತಲೇ ಇರುವುದರಿಂದ ಗಂಟೆಗೆ ಸಾಗಿಸುವ ಜನಸಂಖ್ಯೆ ದೊಡ್ಡದು, ಸಾಲು ಉದ್ದವಾಗಿ ಕಂಡರೂ ನಿಲ್ಲದೆ ನಡೆಯುತ್ತದೆ.

ಅಂಕಿಗಳನ್ನು ನೆನಪಿನಿಂದಲೇ ಕೊಡುತ್ತೇನೆ. ಪೈರೇಟ್ಸ್‌ನಲ್ಲಿ ಆರು ಜನ, 15 ನಿಮಿಷ, ಕಾಯುವಿಕೆ 25 ನಿಮಿಷ, ಅಂದರೆ ಮೂರೂವರೆಯ ಆಸುಪಾಸು. ರೇಡಿಯೇಟರ್ ಸ್ಪ್ರಿಂಗ್ಸ್ ರೇಸರ್ಸ್‌ನಲ್ಲಿ ಮಗಳೂ ಹಿರಿಯರೂ ಹೊರಗುಳಿದು ಮೂವರು ಮಾತ್ರ, ನಾಲ್ಕು ನಿಮಿಷ, ಮಧ್ಯಾಹ್ನದ ಕಾಯುವಿಕೆ 80 ನಿಮಿಷ, ಅಂದರೆ ಒಂದರ ಏಳನೇ ಒಂದು ಭಾಗ. ಡಿಸ್ನಿಲ್ಯಾಂಡ್‌ನ ಎಲ್ಲ ರೈಡ್‌ಗಳೂ ಚೆನ್ನಾಗಿ ಬಂದವೆಂದಲ್ಲ. ಪೀಟರ್ ಪ್ಯಾನ್‌ಗೆ ಎಲ್ಲರೂ ಹೋಗಬಹುದಾದರೂ ಎರಡು ನಿಮಿಷದ ಸುಖಕ್ಕೆ 40 ನಿಮಿಷ ಕಾಯಬೇಕು, ಅದು ಹಾಳೆಯ ತಳಕ್ಕೆ ಜಾರಿತು. ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನ ಟಾಯ್ ಸ್ಟೋರಿ ರೈಡ್‌ನಲ್ಲಿ ಎತ್ತರದ ಗೆರೆಯಿಲ್ಲ, ಕೂತಲ್ಲಿಂದಲೇ ಗುರಿಗೆ ಹೊಡೆಯುವ ಆಟವಾದ್ದರಿಂದ ಮಾವನಿಗೂ ಹೊಂದುತ್ತದೆ, ಹೀಗಾಗಿ ಅದು ಮೇಲಕ್ಕೇರಿತು.

ಲೆಕ್ಕವನ್ನು ಎರಡು ಕಡೆ ತಿದ್ದಬೇಕಾಯಿತು. ರೈಲಿನ ಸುತ್ತು 20 ನಿಮಿಷದ್ದು, ಕಾಯುವಿಕೆ ಹತ್ತೇ ನಿಮಿಷ, ಹಾಗಾಗಿ ಅದು ಉಳಿದೆಲ್ಲವನ್ನೂ ಹಿಂದಿಕ್ಕಿ ದಿನವಿಡೀ ರೈಲಿನಲ್ಲೇ ಕೂರಿ ಎನ್ನುತ್ತಿತ್ತು. ಅದಕ್ಕೆ ಯಾವ ರೈಡ್‌ಗೂ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬಾರದು, ಎರಡನೇ ಬಾರಿ ಹತ್ತಿದರೆ ಆ ನಿಮಿಷಗಳನ್ನು ಅರ್ಧವೆಂದೇ ಎಣಿಸಬೇಕು ಎಂದು ಮಿತಿ ಹಾಕಿದೆ. ಇನ್ನೊಂದು, ಎಲ್ಲರ ನಿಮಿಷವೂ ಒಂದೇ ತೂಕದ್ದಲ್ಲ. ಊರಿನಿಂದ ಅಷ್ಟು ದೂರ ಬಂದ ಹಿರಿಯರ ನಿಮಿಷಕ್ಕೂ ಪುಟ್ಟ ಮಗುವಿನ ನಿಮಿಷಕ್ಕೂ ನಾನು ಹೆಚ್ಚು ತೂಕ ಕೊಟ್ಟಿದ್ದೇನೆ. ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಹೊಂದಿಸಲು ನನಗೆ ಬಹಳ ಸಂಜೆಗಳು ಹಿಡಿದಿವೆ.

ಕಾಯುವ ಸಮಯದ ಅಂಕಿಗಳನ್ನು ಎಲ್ಲಿಂದ ತಂದಿರಿ ಎಂದು ಹಲವರು ಕೇಳುತ್ತಾರೆ. ಪಾರ್ಕ್‌ನ ಆ್ಯಪ್ ಟಿಕೆಟ್ ಇಲ್ಲದವರಿಗೂ ಕಾಯುವ ಸಮಯವನ್ನು ತೋರಿಸುತ್ತದೆ. ಕೆಲವು ವಾರಗಳ ಕಾಲ ಬೆಳಗ್ಗೆ ಬಾಗಿಲು ತೆರೆದಾಗ, ಹನ್ನೊಂದಕ್ಕೆ, ಎರಡಕ್ಕೆ, ಸಂಜೆ ಏಳಕ್ಕೆ ಮನೆಯಲ್ಲೇ ಕೂತು ಗುರುತು ಹಾಕಿಕೊಂಡೆ. ಮೊದಲ ಮುಕ್ಕಾಲು ಗಂಟೆ ಮತ್ತು ರಾತ್ರಿಯ ಬಾಣಬಿರುಸಿನ ಹೊತ್ತು ಎರಡರಲ್ಲೂ ಸಾಲು ತಗ್ಗುತ್ತದೆ ಎಂಬುದು ಹೊಸ ವಿಷಯವಲ್ಲ. ಹೊಸದಾಗಿ ಕಂಡದ್ದು, ದೋಣಿಯ ರೈಡ್‌ಗಳ ಸಮಯ ದಿನವಿಡೀ ಹೆಚ್ಚು ಏರಿಳಿಯದೆ ಇರುವುದು. ಆದ್ದರಿಂದ ಅವನ್ನು ನಡುಮಧ್ಯಾಹ್ನದ ಬಿಸಿಲಿಗೆ ಉಳಿಸಿಕೊಂಡು, ಬೆಳಗಿನ ಚಿನ್ನದಂಥ ಹೊತ್ತನ್ನು ಏರಿಳಿತ ಹೆಚ್ಚಿರುವ ರೈಡ್‌ಗಳಿಗೆ ಖರ್ಚು ಮಾಡಬೇಕು. ಇದೇ ದಾಖಲೆಯಲ್ಲಿ ವಾರದ ದಿನಗಳನ್ನೂ ಹೋಲಿಸಿ ಒಂದು ದಿನವನ್ನು ಆರಿಸಿದ್ದೇನೆ, ಆ ದಿನ ನನ್ನ ಹಾಳೆಯಲ್ಲೇ ಇರಲಿ.

ಲೆಕ್ಕದ ಉತ್ತರ ಡಿಸ್ನಿಲ್ಯಾಂಡ್ ಎಂದು ಬಂದಾಗ ಗೆಳೆಯರ ವಲಯದಲ್ಲಿ ಆಕ್ಷೇಪ ಎದ್ದಿತು. ಒಂಬತ್ತು ವರ್ಷದ ಹುಡುಗನನ್ನು ದೋಣಿಗಳಲ್ಲಿ ಕೂರಿಸುತ್ತೀರಾ, ಅವನಿಗೆ ಎದುರಿನ ಪಾರ್ಕೇ ಸರಿ ಎಂದರು. ಮಾವನವರಂತೂ, "ಇಷ್ಟು ದೂರ ಬಂದು ಪಕ್ಕದ್ದನ್ನು ನೋಡದೆ ಹೋಗೋದೇನಮ್ಮ?" ಎಂದು ಹಿಂದಿನ ರಾತ್ರಿಯವರೆಗೂ ಕೇಳಿದರು. ಮಗನಿಗಾಗಿ ನಾನು ಬೇರೆ ಏರ್ಪಾಡು ಮಾಡಿದ್ದೆ. ಸಾಲು ತಪ್ಪಿಸುವ ಪಾಸನ್ನು, ಈಗ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎನ್ನುತ್ತಾರಲ್ಲ ಅದನ್ನು, ಆರು ಜನರಿಗೂ ಕೊಳ್ಳದೆ ಅವನಿಗೂ ನನ್ನ ಪತಿಗೂ ಮಾತ್ರ ಕೊಂಡೆ. ತಲೆಗೆ ಸುಮಾರು 30 ಡಾಲರ್ ಲೆಕ್ಕದಲ್ಲಿ 120 ಡಾಲರ್ ಉಳಿಯಿತು. ನಾವು ನಾಲ್ವರು ಟಿಕಿ ರೂಮ್‌ನ ತಂಪಿನಲ್ಲಿ ಹಕ್ಕಿಗಳ ಹಾಡು ಕೇಳುತ್ತಿದ್ದಾಗ ಅವರಿಬ್ಬರು ಬಿಗ್ ಥಂಡರ್ ಮುಗಿಸಿ ಬರುತ್ತಿದ್ದರು. ಮ್ಯಾಟರ್‌ಹಾರ್ನ್‌ನಲ್ಲಿ ಒಂಟಿ ಸವಾರರ ಸಾಲನ್ನು ಪರೀಕ್ಷಿಸಿದರು, ಮುಖ್ಯ ಸಾಲಿನ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಿತು. ತಂದೆಯಿಂದ ಬೇರೆಯಾಗಿ ಕೂರಲು ಮಗು ಅಂಜದಿದ್ದರೆ ಮಾತ್ರ ಇದು ಸರಿ. ಸ್ಪೇಸ್ ಮೌಂಟನ್‌ಗೆ ರೈಡರ್ ಸ್ವಿಚ್ ಕೇಳಿ ಪಡೆದೆವು. ಮಗಳ ಜೊತೆ ಹೊರಗೆ ನಿಂತಿದ್ದ ನನಗೆ ಅವರು ಬಂದ ಮೇಲೆ ಮತ್ತೆ ಪೂರ್ತಿ ಸಾಲು ನಿಲ್ಲುವ ಅಗತ್ಯ ಬೀಳಲಿಲ್ಲ.

ಅಂದಿನ ಖರ್ಚು ಹೀಗಿತ್ತು: ದೊಡ್ಡವರಿಗೆ 140ರ ಆಸುಪಾಸು, ಮಕ್ಕಳಿಗೆ ಅದಕ್ಕಿಂತ ಹತ್ತು ಡಾಲರ್ ಕಡಿಮೆ, ಒಟ್ಟು ಟಿಕೆಟ್‌ಗೆ ಸುಮಾರು 820. ಮಕ್ಕಳ ಬೆಲೆ ಮೂರರಿಂದ ಒಂಬತ್ತು ವರ್ಷದವರೆಗೆ ಮಾತ್ರ, ಹತ್ತು ತುಂಬುವ ಮೊದಲೇ ಹೋಗುವುದರಿಂದ ಉಳಿಯುವುದು ಅಲ್ಪ, ಅದಕ್ಕಾಗಿ ದಿನಾಂಕ ಹಿಂದೆಮುಂದೆ ಮಾಡಬೇಡಿ. ಬದಲಿಗೆ ವಾರದ ನಡುವಿನ ಅಗ್ಗದ ದಿನ ಹಿಡಿದರೆ ತಲೆಗೆ 30, 40 ಡಾಲರ್ ಇಳಿಯುತ್ತದೆ. ಊಟವನ್ನು ಮನೆಯಿಂದ ಒಯ್ದೆವು. ಗಾಜಿನ ಪಾತ್ರೆ ಇಲ್ಲದಿದ್ದರೆ ಸ್ವಂತ ಊಟ ಒಯ್ಯಲು ಅಡ್ಡಿಯಿಲ್ಲ. ಪುಳಿಯೋಗರೆ ಸಂಜೆಯವರೆಗೂ ಕೆಡಲಿಲ್ಲ, ಚಪಾತಿ ಸುರುಳಿಗಳನ್ನು ಮಕ್ಕಳು ಸಾಲಿನಲ್ಲಿ ನಿಂತೇ ತಿಂದರು. ಮೊಸರನ್ನದ ಪ್ರಯೋಗ ಮಾತ್ರ ಬಿಸಿಲಿಗೆ ಸೋತಿತು. ಒಳಗಿನ ಊಟ ತಲೆಗೆ 15ರಿಂದ 20 ಡಾಲರ್ ಎಂದರೂ ನೂರು ಡಾಲರ್ ಮಿಕ್ಕಿತು, ಆ ಹಣದಲ್ಲೇ ಗಾಲಿಕುರ್ಚಿ ಬಾಡಿಗೆಯೂ ಮಕ್ಕಳ ಐಸ್‌ಕ್ರೀಮೂ ಮುಗಿದವು. ಅತ್ತೆ ಮಾವ ಮಧ್ಯಾಹ್ನ ಒಂದು ಗಂಟೆ ಕಣ್ಣುಮುಚ್ಚಿ ಕೂತ ನೆರಳಿನ ಜಾಗವನ್ನು ಮಾತ್ರ ಹೇಳಲಾರೆ, ಎಲ್ಲರೂ ಹೋದರೆ ಅಲ್ಲಿ ನೆರಳು ಉಳಿಯುವುದಿಲ್ಲ.

ನಡಿಗೆಯನ್ನೂ ಅಳೆದೆ. ಮಗನ ಜೊತೆ ಓಡಾಡಿದ ನನ್ನ ಪತಿಯ ಗಡಿಯಾರ ಒಂಬತ್ತು ಮೈಲಿ ದಾಟಿತ್ತು, ಅತ್ತೆಯವರದು ನಾಲ್ಕರ ಒಳಗಿತ್ತು. ರಾತ್ರಿಯ ಬಾಣಬಿರುಸಿನವರೆಗೂ ಆರೂ ಜನ ಪಾರ್ಕ್‌ನಲ್ಲೇ ಇದ್ದೆವು. ಹಾಪರ್ ಕೊಂಡ ಸಲ ಅರ್ಧ ಜನ ಏಳಕ್ಕೇ ಹೋಟೆಲ್ ಸೇರಿದ್ದರು. ಹಿಂದಿರುಗುವಾಗ ಮಾವನವರು ಪಕ್ಕದ ಪಾರ್ಕ್‌ನ ಹೆಸರು ಎತ್ತಲಿಲ್ಲ.

ಆದರೂ ಕೆಲವರು, ಉತ್ತರ ಮೊದಲೇ ಗೊತ್ತಿತ್ತು, ಡಿಸ್ನಿಲ್ಯಾಂಡ್ ಎನ್ನಲು ಎಕ್ಸೆಲ್ ಏಕೆ ಬೇಕಿತ್ತು ಎಂದರು. ಅವರಿಗೆ ಉತ್ತರ ದೊರೆತದ್ದು ಎರಡು ವರ್ಷದ ಹತ್ತಿರ ಕಳೆದ ಮೇಲೆ. ಮಗಳು 42 ಇಂಚು ದಾಟಿದ್ದಳು, ಹಿರಿಯರು ಊರಿನಲ್ಲಿದ್ದರು, ಹೋಗುವವರು ನಾವು ನಾಲ್ವರೇ. ಅದೇ ಹಾಳೆಯಲ್ಲಿ ಎರಡು ಅಂಕಿ ಬದಲಾಯಿಸಿದ ಕೂಡಲೇ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಮೇಲೆ ಬಂತು. ರೇಸರ್ಸ್, ಸೋರಿಂಗ್, ಗ್ರಿಜ್ಲಿ ಮೂರರಲ್ಲೂ ಈಗ ನಾಲ್ವರೂ ಒಟ್ಟಿಗೆ ಕೂರಬಹುದು, ಇನ್‌ಕ್ರೆಡಿಕೋಸ್ಟರ್ ಒಂದಕ್ಕೆ ಮಾತ್ರ ಮಗಳು ಹೊರಗೆ. ಪಾರ್ಕ್ ಚಿಕ್ಕದಾದ್ದರಿಂದ ನಡಿಗೆಯೂ ಕಡಿಮೆ. ಬಾಗಿಲು ತೆರೆಯುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ನಿಂತು ನೇರವಾಗಿ ರೇಸರ್ಸ್ ಕಡೆ ನಡೆದೆವು, ಅದಕ್ಕೆ ಪ್ರತ್ಯೇಕವಾಗಿ ಮಾರುವ ಪಾಸನ್ನು ಕೊಳ್ಳಲಿಲ್ಲ, 25 ನಿಮಿಷದಲ್ಲಿ ಕಾರಿನಲ್ಲಿ ಕೂತಿದ್ದೆವು. ಸಂಜೆ ಕಾರ್ಸ್ ಲ್ಯಾಂಡ್‌ನ ದೀಪಗಳು ಹೊತ್ತಿಕೊಂಡಾಗ ಮಗಳು ಕೋಟೆಯ ನೆನಪನ್ನೇ ಮಾಡಲಿಲ್ಲ. ಡಿಸ್ನಿಲ್ಯಾಂಡೇ ಎಂದು ಪಟ್ಟು ಹಿಡಿದಿದ್ದ ಗೆಳತಿಯೊಬ್ಬರು ಮರುವಾರ ಹಾಳೆ ಕಳುಹಿಸಿ ಎಂದು ಕೇಳಿದರು. ಅವರ ಮನೆಯ ಅಂಕಿಗಳನ್ನು ತುಂಬಿದರೆ ಉತ್ತರ ಮತ್ತೆ ಬೇರೆಯೇ ಬಂತು.

ಹಾಳೆ ಬಳಸುವವರಿಗೆ ಒಂದು ಮಾತು. ಟಿಕೆಟ್ ಕೊಳ್ಳುವ ಮೊದಲು ದುರಸ್ತಿಗಾಗಿ ಮುಚ್ಚಿರುವ ರೈಡ್‌ಗಳ ಪಟ್ಟಿಯನ್ನು ಪಾರ್ಕ್‌ನ ತಾಣದಲ್ಲಿ ನೋಡಿ ಆ ಸಾಲುಗಳನ್ನು ಅಳಿಸಬೇಕು. ಡಿಸ್ನಿಲ್ಯಾಂಡ್‌ನ ಭೂತಬಂಗಲೆಯ ರೈಡ್ ಹಾಂಟೆಡ್ ಮ್ಯಾನ್ಷನ್ ಹಬ್ಬದ ಅಲಂಕಾರ ತೊಡಲು ಆಗಸ್ಟ್‌ನಲ್ಲೂ ಅದನ್ನು ಕಳಚಲು ಜನವರಿಯಲ್ಲೂ ಕೆಲವು ದಿನ ಮುಚ್ಚುತ್ತದೆ. ಚಳಿಗಾಲದ ಅಗ್ಗದ ದಿನಗಳಲ್ಲಿ ಇಂಥವು ಎರಡು ಮೂರು ಸೇರಿಕೊಳ್ಳಬಹುದು. ಕೂತು ನೋಡುವ ರೈಡ್‌ಗಳಲ್ಲಿ ಎರಡು ಹೋದರೆ, ಹಿರಿಯರಿರುವ ಮನೆಯ ಲೆಕ್ಕ ಎದುರಿನ ಬಾಗಿಲಿಗೆ ವಾಲುವುದನ್ನು ನಾನು ಹಾಳೆಯಲ್ಲಿ ನೋಡಿದ್ದೇನೆ. ಮಗುವಿನ ಎತ್ತರವನ್ನು ಆ ವಾರವೇ, ಅಂದು ಹಾಕಿಕೊಳ್ಳುವ ಶೂನಲ್ಲೇ ನಿಲ್ಲಿಸಿ ಅಳೆಯಿರಿ.